ಹೊಕ್ಕಳ ಸುತ್ತಿನ ಹದಿನಾಲ್ಕು ಸೂಜಿ

ನಾಯಿ ಕಚ್ಚಿದವರಿಗೆ ಹೊಕ್ಕಳ ಸುತ್ತ ಹದಿನಾಲ್ಕು ದಿನ ಸೂಜಿ ಮಾಡುವ ಚಿಕಿತ್ಸೆ ಭಾರತದಲ್ಲಿ ಒಂಬತ್ತು ದಶಕಗಳಿಗೂ ಹೆಚ್ಚು ಕಾಲ ನಡೆಯಿತು. 1911ರಲ್ಲಿ ಕಸೌಲಿಯಲ್ಲಿ ರೂಪುಗೊಂಡು 2004ರ ಕೊನೆಗೆ ನಿಂತ ಈ ಲಸಿಕೆಗೆ ಬಹುಕಾಲ ಕುರಿಯ ಮೆದುಳೇ ಕಚ್ಚಾ ಸಾಮಗ್ರಿಯಾಗಿತ್ತು. ರೇಬೀಸಿನ ಎದುರು ಬೇರೆ ಆಸರೆಯೇ ಇಲ್ಲದ ಕಾಲದಲ್ಲಿ ಅದು ಬಹಳ ಜನರ ಜೀವ ಉಳಿಸಿತು. ಆದರೆ ಸೂಜಿ ಮಾಡಿಸಿಕೊಂಡವರಲ್ಲಿ ಕೆಲವರಿಗೆ ಅವರ ದೇಹದ ರಕ್ಷಣಾ ಪಡೆಯೇ ಅವರ ನರಗಳ ಮೇಲೆ ತಿರುಗಿಬಿತ್ತು. ಅಂಥವರಲ್ಲಿ ಕಾಲಿನ ಬಲ ಹೋಗುವುದರ ಜೊತೆಗೆ ಮೂತ್ರ ಕಟ್ಟುವುದು, ರಕ್ತದೊತ್ತಡ ಏರಿಳಿಯುವುದು, ಎದೆಬಡಿತ ತಾಳ ತಪ್ಪುವುದು ಕಾಣಿಸಿಕೊಳ್ಳುತ್ತಿತ್ತು. ಇವು ಮನಸ್ಸಿನ ಅಪ್ಪಣೆಗೆ ಕಾಯದೆ ತಾವಾಗಿ ನಡೆಯುವ ಸ್ವಾಯತ್ತ ನರಗಳ ತೊಂದರೆಗಳು. ‘ಆಟೋಇಮ್ಯೂನ್’ ಎಂಬ ಮಾತು ವೈದ್ಯರ ಬಾಯಿಗೆ ಬರುವ ಎಷ್ಟೋ ಮೊದಲೇ ಆ ಜಾತಿಯ ರೋಗವನ್ನು ನಾಯಿ ಕಚ್ಚಿಸಿಕೊಂಡ ಬಡವರು ಅನುಭವಿಸಿದ್ದರು.

ಅಂಥವರ ಒಂದು ಸೀಮೆಯನ್ನು ನೋಡೋಣ. ಯಾದಗಿರಿ ತಾಲೂಕಿನ ಹೋಬಳಿ ಊರಾದ ಬಳಿಚಕ್ರದ ಸುತ್ತಲಿನ ಸೀಮೆಯಲ್ಲಿ ನಾಯಿ ಮತ್ತು ಕುರಿ ಎರಡೂ ಬದುಕಿನ ಒಳಗಿನವು. ಕುರಿಹಿಂಡು ಇದ್ದಲ್ಲಿ ನಾಯಿ ಇದ್ದೇ ಇರುತ್ತದೆ. ಇದೇ ತಾಲೂಕಿನ ಮೈಲಾಪುರದಲ್ಲಿ ಸಂಕ್ರಾಂತಿಗೆ ಮಲ್ಲಯ್ಯನ ಜಾತ್ರೆ ನೆರೆಯುತ್ತದೆ. ದೇವರ ಪಲ್ಲಕ್ಕಿಯ ಮೇಲೆ ಕುರಿಮರಿ ಎಸೆಯುವ ಹರಕೆ ಅಲ್ಲಿ ಹಿಂದಿನಿಂದ ಇತ್ತು. ಈಚಿನ ವರ್ಷಗಳಲ್ಲಿ ಆಡಳಿತ ಅದನ್ನು ತಡೆದು, ಜಾತ್ರೆಗೆ ಬರುವ ದಾರಿಗಳಲ್ಲೇ ಮರಿಗಳನ್ನು ಹಿಡಿದಿಟ್ಟುಕೊಳ್ಳುತ್ತದೆ. ಈ ಮಲ್ಲಯ್ಯನದೇ ಆದ ಮೈಲಾರ ಪರಂಪರೆಯಲ್ಲಿ ನಾಯಿ ದೇವರ ಸಂಗಾತಿ. ಆ ದೇವರ ಭಕ್ತರಾದ ಗೊರವರು, ವಗ್ಗಯ್ಯಗಳು ನಾಯಿಯಂತೆ ಬೊಗಳುತ್ತ ಪಾತ್ರೆಗೆ ಬಾಯಿ ಹಾಕಿ ಪ್ರಸಾದ ತಿನ್ನುವ ಸೇವೆ ಆ ಪರಂಪರೆಗೇ ವಿಶಿಷ್ಟವಾದದ್ದು. ಇಂಥ ಕಡೆ ನಾಯಿಯನ್ನು ಬರೀ ಉಪದ್ರವವೆಂದು ಯಾರೂ ಎಣಿಸುವುದಿಲ್ಲ. ಹುಚ್ಚುನಾಯಿ ಕಚ್ಚಿದಾಗಿನ ದಿಗಿಲು ಮಾತ್ರ ಇಲ್ಲಿಯೂ ಎಲ್ಲ ಕಡೆಯಂತೆಯೇ. ಗಾಯಕ್ಕೆ ಖಾರದಪುಡಿ, ಸುಣ್ಣ, ಅರಿಸಿನ ಮೆತ್ತುವುದು, ಬರೆ ಹಾಕುವುದು ನಾಡಿನ ಉದ್ದಗಲಕ್ಕೂ ಇದ್ದ ಉಪಚಾರ. ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯುವುದು ಇವೆಲ್ಲಕ್ಕಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ ಎಂಬ ತಿಳಿವಳಿಕೆ ಹಳ್ಳಿಗೆ ತಡವಾಗಿ ತಲುಪಿತು.

ರೇಬೀಸಿಗೆ ಮೊದಲ ಲಸಿಕೆ ಬಂದದ್ದು ಪ್ಯಾರಿಸಿನಲ್ಲಿ, 1885ರ ಜುಲೈ 6ರಂದು. ಆ ದಿನ ಲೂಯಿ ಪಾಶ್ಚರ್ ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಹುಡುಗನಿಗೆ ರೋಗ ತಗುಲಿದ ಮೊಲದ ಬೆನ್ನುಹುರಿಯನ್ನು ಒಣಗಿಸಿ ಅರೆದು ಕೊಡಿಸಿದ. ಒಣಗಿಸಿದಷ್ಟೂ ವೈರಾಣುವಿನ ಕಸುವು ಇಳಿಯುತ್ತದೆ ಎಂಬುದು ಲೆಕ್ಕಾಚಾರ. ಈ ಬಗೆಯ ಲಸಿಕೆ ತಾಜಾ ಇರಬೇಕಿತ್ತು, ಮೊಲಗಳ ಸರಣಿ ಎಂದೂ ಕಡಿಯಬಾರದಿತ್ತು. ಹಾಗಾಗಿ ಮದ್ದು ರೋಗಿಯ ಬಳಿ ಹೋಗುವ ಬದಲು ರೋಗಿಯೇ ಸಂಸ್ಥೆಗೆ ಬರಬೇಕಾಗುತ್ತಿತ್ತು. ಭಾರತದಲ್ಲಿ ಮೊದಲ ಪಾಶ್ಚರ್ ಸಂಸ್ಥೆ 1900ರಲ್ಲಿ ಕಸೌಲಿಯಲ್ಲಿ ಆರಂಭವಾಯಿತು. ದಕ್ಷಿಣಕ್ಕೆ 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಇನ್ನೊಂದು ತೆರೆಯಿತು. ಅದಕ್ಕೆ ಹೆನ್ರಿ ಫಿಪ್ಸ್ ಎಂಬ ಅಮೆರಿಕದ ಶ್ರೀಮಂತನ ದೇಣಿಗೆ ಒದಗಿತ್ತು. ಎರಡೂ ಬೆಟ್ಟದ ಮೇಲಿನ ತಂಪು ಊರುಗಳು. ಲಸಿಕೆ ಕೆಡದಿರಲು ತಂಪು ಬೇಕಿತ್ತು ನಿಜ, ಆದರೆ ಬಯಲುಸೀಮೆಯ ರೋಗಿಗೆ ಅದೊಂದು ದೂರದ ಯಾತ್ರೆಯೇ ಆಗಿತ್ತು.

ಬಳಿಚಕ್ರ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1948ರವರೆಗೂ ಹಾಗೆಯೇ ಇದ್ದು, 1956ರ ನವೆಂಬರಿನಲ್ಲಿ ಗುಲಬರ್ಗಾ ಜಿಲ್ಲೆಯೊಂದಿಗೆ ಮೈಸೂರು ರಾಜ್ಯಕ್ಕೆ ಸೇರಿತು. ಯಾದಗಿರಿ ಬೇರೆ ಜಿಲ್ಲೆಯಾದದ್ದು 2009ರ ಡಿಸೆಂಬರಿನಲ್ಲಿ. ಬೊಂಬಾಯಿಯಿಂದ ಬಂದ ರೈಲುಹಳಿ ಯಾದಗಿರಿಯನ್ನು ಹಾದು 1871ರಲ್ಲಿ ರಾಯಚೂರಿಗೆ ಮುಟ್ಟಿ ಮದರಾಸಿನ ಹಳಿಯೊಂದಿಗೆ ಕೂಡಿತ್ತು. ಮೆಟ್ಟುಪಾಳ್ಯದಿಂದ ಕೂನೂರಿಗೆ ಬೆಟ್ಟದ ರೈಲು 1899ರಲ್ಲಿ ಓಡತೊಡಗಿತು. ಭೂಪಟ ನೋಡಿದರೆ ಯಾದಗಿರಿಯಲ್ಲಿ ಹತ್ತಿ ಕೂನೂರಿನಲ್ಲಿ ಇಳಿಯಬಹುದಾಗಿತ್ತು ಅನ್ನಿಸುತ್ತದೆ. ಎತ್ತಿನಬಂಡಿಯಲ್ಲಿ ಸ್ಟೇಷನ್ನಿಗೆ ಬಂದು, ಹಲವು ಗಾಡಿ ಬದಲಿಸಿ, ಭಾಷೆ ತಿಳಿಯದ ಚಳಿಯ ಊರಿನಲ್ಲಿ ಎರಡು ಮೂರು ವಾರ ಉಳಿಯಲು ಕೂಲಿಯವರಿಗೆ ಸಾಧ್ಯವಿತ್ತೇ ಎಂಬುದು ಭೂಪಟ ಹೇಳದ ಮಾತು.

ಈ ಕಷ್ಟ ತಪ್ಪಿದ್ದು ಡೇವಿಡ್ ಸೆಂಪಲ್‌ನಿಂದ. ಬ್ರಿಟಿಷ್ ಸೇನೆಯ ವೈದ್ಯನಾಗಿದ್ದ ಈತ ಕಸೌಲಿಯ ಕೇಂದ್ರೀಯ ಸಂಶೋಧನಾ ಸಂಸ್ಥೆಯಲ್ಲಿದ್ದಾಗ ವೈರಾಣುವನ್ನು ಒಣಗಿಸಿ ಸೊರಗಿಸುವ ಬದಲು ಫಿನಾಲ್ ಸೇರಿಸಿ ಕೊಂದೇಬಿಡುವ ವಿಧಾನ ಕಂಡುಕೊಂಡ; 1911ರಲ್ಲಿ ಅದನ್ನು ಪ್ರಕಟಿಸಿದ. ಸತ್ತ ವೈರಾಣುವಿನ ಲಸಿಕೆಯನ್ನು ಸೀಸೆಯಲ್ಲಿ ತುಂಬಿ ದೂರದ ಆಸ್ಪತ್ರೆಗಳಿಗೆ ಕಳಿಸಬಹುದು. ಬೆಟ್ಟ ಹತ್ತುವ ಯಾತ್ರೆ ನಿಂತು, ಚಿಕಿತ್ಸೆ ಕ್ರಮೇಣ ಜಿಲ್ಲಾ ಆಸ್ಪತ್ರೆಗೂ ತಾಲೂಕಿನ ದವಾಖಾನೆಗೂ ಇಳಿದು ಬಂತು. ಕಸೌಲಿ, ಕೂನೂರುಗಳಲ್ಲದೆ ಹೈದರಾಬಾದಿನ ಇನ್‌ಸ್ಟಿಟ್ಯೂಟ್ ಆಫ್ ಪ್ರಿವೆಂಟಿವ್ ಮೆಡಿಸಿನ್ ಕೂಡ ಮುಂದೆ ಈ ಲಸಿಕೆ ತಯಾರಿಸಿತು.

ತಯಾರಿಕೆಯ ಬಗೆ ಹೀಗಿತ್ತು. ಪ್ರಯೋಗಾಲಯದಲ್ಲಿ ಪಳಗಿಸಿದ ರೇಬೀಸ್ ವೈರಾಣುವನ್ನು ಕುರಿಯ ಮೆದುಳಿಗೆ ಚುಚ್ಚಿ ಬಿಡುತ್ತಿದ್ದರು. ಮೊದಮೊದಲು ಮೊಲ ಬಳಸುತ್ತಿದ್ದರೂ, ಒಂದೇ ಮೆದುಳಿನಿಂದ ಹೆಚ್ಚು ಲಸಿಕೆ ಸಿಗುವುದರಿಂದ ಕುರಿಗೆ ತಿರುಗಿದರು. ಕೆಲವು ದಿನಗಳಲ್ಲಿ ಕುರಿಗೆ ಲಕ್ವ ಹೊಡೆದಾಗ ಮೆದುಳನ್ನು ತೆಗೆದು, ಉಪ್ಪುನೀರಿನಲ್ಲಿ ಅರೆದು, ಫಿನಾಲ್ ಬೆರೆಸಿ, ದೇಹದಷ್ಟೇ ಬೆಚ್ಚಗಿನ ಶಾಖದಲ್ಲಿ ಇಟ್ಟು ವೈರಾಣುವನ್ನು ಸಾಯಿಸುತ್ತಿದ್ದರು. ಸೀಸೆಗೆ ಇಳಿಯುವ ದ್ರವದಲ್ಲಿ ನೂರಕ್ಕೆ ಐದು ಪಾಲು ಮೆದುಳೇ ಇರುತ್ತಿತ್ತು. ಕಡಿತ ಸಣ್ಣದಾದರೆ 7 ದಿನ, ದೊಡ್ಡದಾದರೆ 14 ದಿನ, ದಿನಕ್ಕೊಂದು ಸೂಜಿ. ದಿನಕ್ಕೆ 5 ಮಿಲಿಲೀಟರಿನಂತೆ ಹದಿನಾಲ್ಕು ದಿನಕ್ಕೆ 70 ಮಿಲಿಲೀಟರ್. ಅದರಲ್ಲಿ ಕುರಿಯ ಮೆದುಳು ಮೂರೂವರೆ ಗ್ರಾಂ. ಇಷ್ಟು ದ್ರವವನ್ನು ತೋಳಿನಲ್ಲಿ ಇಳಿಸಲು ಜಾಗ ಸಾಲದು. ಹೊಟ್ಟೆಯ ಮೇಲಿನ ಚರ್ಮ ಸಡಿಲ, ಎತ್ತಿ ಹಿಡಿದರೆ ಅಡಿಯಲ್ಲಿ ತೆರಪು ಸಿಗುತ್ತದೆ. ಹೊಕ್ಕಳ ಸುತ್ತ ಸೂಜಿ ಮಾಡಲು ಇದ್ದ ಕಾರಣ ಇಷ್ಟೇ. ಹೊಕ್ಕಳಿಗೂ ನಾಯಿಯ ವಿಷಕ್ಕೂ ಏನೋ ನಂಟಿದೆ ಎಂದು ಜನ ಕಟ್ಟಿಕೊಂಡ ವಿವರಣೆಗಳಿಗೆ ಆಧಾರವಿರಲಿಲ್ಲ.

ನೋವಿಗೂ ಬಾವಿಗೂ ಹೆದರಿ ಅರ್ಧಕ್ಕೇ ಸೂಜಿ ಬಿಟ್ಟವರು ಬಹಳ. ಚಿಕಿತ್ಸೆಯ ದಿನಗಳಲ್ಲೂ ಆಮೇಲೂ ಮದ್ಯ ಮುಟ್ಟಬಾರದು, ಮೈಮುರಿದು ದುಡಿಯಬಾರದು, ರಾತ್ರಿ ನಿದ್ದೆಗೆಡಬಾರದು ಎಂದು ವೈದ್ಯಕೀಯ ಪಠ್ಯಗಳು ಹೇಳುತ್ತಿದ್ದವು. ದಿನದ ದುಡಿಮೆಯಿಂದಲೇ ಒಲೆ ಹೊತ್ತಿಸುವ ಮನೆಗೆ ಈ ಪಥ್ಯ ಪಾಲಿಸುವುದು ಸೂಜಿಗಿಂತ ದುಬಾರಿ.

ಲಸಿಕೆ ಚುಚ್ಚಿಸಿಕೊಂಡವರಿಗೆ ಲಕ್ವ ಹೊಡೆಯುತ್ತದೆ ಎಂಬ ಸುದ್ದಿ ಪಾಶ್ಚರನ ಕಾಲದಿಂದಲೇ ಇತ್ತು. ಮೊದಮೊದಲು ಇದನ್ನು ಒಪ್ಪಲು ಸಂಸ್ಥೆಗಳು ಹಿಂಜರಿದವು. ಕಚ್ಚಿದ ನಾಯಿಯ ರೋಗವೇ ಹೀಗೆ ಕಾಣಿಸಿಕೊಂಡಿರಬಹುದು ಎಂಬ ಸಂದೇಹ ಬರಿಯ ನೆಪವೂ ಆಗಿರಲಿಲ್ಲ, ಏಕೆಂದರೆ ರೇಬೀಸಿನಲ್ಲೇ ನೀರಿನ ಭಯವಿಲ್ಲದೆ ಕೈಕಾಲು ಬೀಳುವ ಒಂದು ಬಗೆ ಇದೆ. ಪೋಲ್ ರೆಮ್ಲಿಂಜೆ ಎಂಬ ಫ್ರೆಂಚ್ ವೈದ್ಯ 1905ರಿಂದ ಇಂಥ ಪ್ರಕರಣಗಳನ್ನು ಕಲೆಹಾಕುತ್ತ ಬಂದ. 1927ರಲ್ಲಿ ಪ್ಯಾರಿಸಿನಲ್ಲಿ ನಡೆದ ಅಂತರರಾಷ್ಟ್ರೀಯ ರೇಬೀಸ್ ಸಮ್ಮೇಳನದಲ್ಲಿ ವಿಷಯ ಬಹಿರಂಗವಾಗಿ ಚರ್ಚೆಗೆ ಬಂತು. ಆ ಬಳಿಕ ಲೀಗ್ ಆಫ್ ನೇಷನ್ಸ್ ಪರವಾಗಿ ಲೋಕದ ಪಾಶ್ಚರ್ ಸಂಸ್ಥೆಗಳ ಅಂಕಿಅಂಶಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿದವನು ಎ. ಜಿ. ಮೆಕೆಂಡ್ರಿಕ್. ಈತ ಹಿಂದೆ ಕಸೌಲಿಯ ಪಾಶ್ಚರ್ ಸಂಸ್ಥೆಯ ನಿರ್ದೇಶಕನಾಗಿದ್ದವನು. ಸಾಂಕ್ರಾಮಿಕ ರೋಗ ಹಬ್ಬುವ ವೇಗವನ್ನು ಗಣಿತದಲ್ಲಿ ಹಿಡಿದಿಟ್ಟ ಕರ್ಮಕ್–ಮೆಕೆಂಡ್ರಿಕ್ ಜೋಡಿಯ ಮೆಕೆಂಡ್ರಿಕ್ ಇವನೇ.

ಎಷ್ಟು ಜನಕ್ಕೆ ಒಬ್ಬರಿಗೆ ಈ ತೊಂದರೆ? ಲೆಕ್ಕ ಊರೂರಿಗೆ ಬೇರೆ. 1953ರಲ್ಲಿ ನ್ಯೂಯಾರ್ಕಿನ ಅಪ್ಪೆಲ್ಬಾಮ್ ಮತ್ತು ಸಂಗಡಿಗರು ಸೆಂಪಲ್ ಲಸಿಕೆ ಪಡೆದ ಸುಮಾರು 600 ಜನರಲ್ಲಿ ಒಬ್ಬರು ಎಂದು ಲೆಕ್ಕ ಹಾಕಿದರು. ಭಾರತದಲ್ಲಿ ಹೇಳುತ್ತಿದ್ದ ಪ್ರಮಾಣ ಇದಕ್ಕಿಂತ ಬಹಳ ಕಡಿಮೆ. ಆದರೆ ಸೂಜಿ ಮಾಡಿಸಿಕೊಂಡು ಊರಿಗೆ ಹೋದವರು ಹಾಸಿಗೆ ಹಿಡಿದರೆ ಮತ್ತೆ ಅದೇ ದವಾಖಾನೆಗೆ ಬಂದು ಹೇಳುವುದು ಅಪರೂಪ. ಪ್ರಮಾಣ ಕಡಿಮೆ ಕಾಣಲು ಇದೂ ಒಂದು ಕಾರಣ ಎಂದು ಎಣಿಸುವುದು ತಪ್ಪಾಗದು.

ತೊಂದರೆ ಸಾಮಾನ್ಯವಾಗಿ ಮೊದಲ ಸೂಜಿಯ ನಂತರ ಒಂದೆರಡು ವಾರದೊಳಗೆ, ಎಷ್ಟೋ ಸಲ ಹದಿನಾಲ್ಕು ಮುಗಿಯುವ ಮುಂಚೆಯೇ ತಲೆದೋರುತ್ತಿತ್ತು. ಜ್ವರ, ತಲೆನೋವು, ಬೆನ್ನುನೋವು. ಆಮೇಲೆ ಕಾಲು ಜೋಮು ಹಿಡಿಯುವುದು, ಎದ್ದು ನಿಂತರೆ ಮೊಣಕಾಲು ಮಡಚಿಕೊಳ್ಳುವುದು. ರೋಗ ಮೂರು ದಾರಿಯಲ್ಲಿ ಸಾಗುತ್ತಿತ್ತು. ಮೆದುಳಿಗೆ ಬಾವು ಬಂದರೆ ಅರಿವು ಕದಡುತ್ತಿತ್ತು. ಬೆನ್ನುಹುರಿಯ ಎದೆ, ಸೊಂಟದ ಭಾಗ ಕೆಟ್ಟರೆ ಸೊಂಟದ ಕೆಳಗೆ ಬಲವೂ ಸ್ಪರ್ಶವೂ ಹೋಗುತ್ತಿತ್ತು. ಬೆನ್ನುಹುರಿಯಿಂದ ಹೊರಟ ನರಗಳಿಗೆ ತಗುಲಿದರೆ ಪಾದದಿಂದ ಆರಂಭವಾದ ಬಲಹೀನತೆ ತೊಡೆ, ಎದೆ, ಕುತ್ತಿಗೆಯವರೆಗೆ ಏರುತ್ತಿತ್ತು. ಈ ಮೂರನೆಯದು ಗಿಲಾನ್–ಬಾರೆ ಸಿಂಡ್ರೋಮ್ ಎಂದು ಈಗ ಹೆಸರಾದ ರೋಗದ್ದೇ ರೂಪ. ಮೂರರಲ್ಲಿ ಪ್ರಾಣಕ್ಕೆ ಹೆಚ್ಚು ಅಪಾಯ ಒಡ್ಡಿದ್ದೂ ಅದೇ.

ಮನೆಯವರ ಕಣ್ಣು ಕಾಲಿನ ಮೇಲೆ ಇರುತ್ತಿತ್ತು, ರೋಗ ಮಾತ್ರ ಒಳಗಿನ ಕೆಲಸಗಳನ್ನೂ ಕೆಡಿಸುತ್ತಿತ್ತು. ಎಲ್ಲಕ್ಕಿಂತ ಬೇಗ ಗೊತ್ತಾಗುತ್ತಿದ್ದುದು ‘ಉಚ್ಚಿ ಕಟ್ಟುವುದು’. ಮೂತ್ರಚೀಲ ತುಂಬಿದ್ದನ್ನು ತಿಳಿಸುವ ನರವೂ ಅದನ್ನು ಹಿಂಡುವ ನರವೂ ಬೆನ್ನುಹುರಿಯ ಕೆಳತುದಿಗೆ ಸೇರಿವೆ; ಹಿಂಡುವ ಅಪ್ಪಣೆ ಮೆದುಳಿನಿಂದ ಹುರಿಯ ಉದ್ದಕ್ಕೂ ಇಳಿದು ಬರಬೇಕು. ಹುರಿಯ ನಡುವೆ ಬಾವು ಎದ್ದರೆ ಅಪ್ಪಣೆ ಅಲ್ಲೇ ನಿಲ್ಲುತ್ತದೆ. ಚೀಲ ಒಡೆಯುವಷ್ಟು ಬಿಗಿದರೂ ಹನಿ ಬಾರದು. ಕೊಳವೆ ಹಾಕಿ ತೆಗೆಯದಿದ್ದರೆ ಸೋಂಕು ಮೂತ್ರಪಿಂಡಕ್ಕೆ ಏರಿ, ಲಕ್ವಕ್ಕಿಂತ ಮೊದಲು ಅದೇ ಮನುಷ್ಯನನ್ನು ಕೊಲ್ಲಬಲ್ಲದು. ಕರುಳಿನ ಓಡಾಟ ನಿಂತು ಹೊಟ್ಟೆ ಉಬ್ಬುವುದು, ಸೊಂಟದ ಕೆಳಗೆ ಬೆವರು ಆರಿ ಚರ್ಮ ಒಣಗುವುದು ಇದರ ಜೊತೆಗೇ ಬರುತ್ತಿದ್ದವು. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ಸೆಲ್ಸಿಯಸ್ ದಾಟುವ ಈ ನಾಡಿನಲ್ಲಿ ಬೆವರದ ಮೈ ಚಿಕ್ಕ ಸಂಗತಿಯಲ್ಲ.

ಹೊರನರಗಳಿಗೆ ತಗುಲಿದ ಬಗೆಯಲ್ಲಿ ಅಪಾಯದ ಸ್ವರೂಪ ಬೇರೆ. ಗಿಲಾನ್–ಬಾರೆ ರೋಗಿಗಳಲ್ಲಿ ಮೂವರಲ್ಲಿ ಸುಮಾರು ಇಬ್ಬರಿಗೆ ಒಂದಲ್ಲ ಒಂದು ಮಟ್ಟದ ಸ್ವಾಯತ್ತ ನರದೋಷ ಇರುತ್ತದೆ. ಮಲಗಿದ್ದಲ್ಲೇ ಎದೆ ಓಡುತ್ತದೆ. ರಕ್ತದೊತ್ತಡ ಈಗ 180 ಇದ್ದದ್ದು ಸ್ವಲ್ಪ ಹೊತ್ತಿಗೆ 90ಕ್ಕೆ ಬೀಳಬಹುದು. ಗಂಟಲಿನ ಕಫ ತೆಗೆಯಲು ನಳಿಕೆ ಹಾಕಿದಷ್ಟಕ್ಕೇ ಎದೆಬಡಿತ ತಗ್ಗಿಸುವ ವೇಗಸ್ ನರ ಕೆರಳಿ ಹೃದಯ ಕ್ಷಣಕಾಲ ನಿಲ್ಲುವುದೂ ಉಂಟು. ಏರಿದ ಒತ್ತಡಕ್ಕೆ ಔಷಧ ಕೊಟ್ಟರೆ ಅದು ಬೀಳುವಾಗ ತಡೆಯಲಾಗದು ಎಂದು ಅನುಭವಿ ವೈದ್ಯರು ಇಲ್ಲಿ ಕೈ ಬಿಗಿ ಹಿಡಿಯುತ್ತಾರೆ. ಕೈಕಾಲು ಬಿದ್ದವನು ಉಸಿರಿನ ಯಂತ್ರದ ಆಸರೆಯಲ್ಲಿ ವಾರಗಟ್ಟಲೆ ಇದ್ದು ಎದ್ದು ನಡೆದ ನಿದರ್ಶನಗಳು ಬೇಕಾದಷ್ಟಿವೆ. ಚೇತರಿಸಿಕೊಳ್ಳುವ ಹಾದಿಯಲ್ಲಿದ್ದವನು ಹೃದಯದ ಲಯ ತಪ್ಪಿ ಹಠಾತ್ತನೆ ಹೋಗುವುದು ಈ ರೋಗದ ಅತ್ಯಂತ ಕ್ರೂರ ತಿರುವು. ಯಾದಗಿರಿಯಿಂದ ಇಂಥ ರೋಗಿಯನ್ನು ಆಗ ಕರೆದೊಯ್ಯಬೇಕಾಗಿದ್ದದ್ದು ಗುಲಬರ್ಗಾ, ರಾಯಚೂರು ಅಥವಾ ಹೈದರಾಬಾದಿಗೆ. ಗುಲಬರ್ಗಾದಲ್ಲಿ ಮಹಾದೇವಪ್ಪ ರಾಂಪುರೆ ವೈದ್ಯಕೀಯ ಕಾಲೇಜು ಆರಂಭವಾದದ್ದು 1963ರಲ್ಲಿ. ಅದಕ್ಕೂ ಮುಂಚೆ ಜನರ ದಾರಿ ಹೈದರಾಬಾದಿನ ಉಸ್ಮಾನಿಯಾ ಆಸ್ಪತ್ರೆಗೆ, ಇಲ್ಲವೇ ‘ಕೋರಂಟಿ ದವಾಖಾನೆ’ ಎಂದು ಹೆಸರಾದ ನಲ್ಲಕುಂಟದ ಜ್ವರದ ಆಸ್ಪತ್ರೆಗೆ. ಕ್ವಾರಂಟೈನ್ ಎಂಬ ಪದ ಜನರ ನಾಲಿಗೆಯ ಮೇಲೆ ಕೋರಂಟಿ ಆಯಿತು.

ಸೂಜಿಯ ಯಾವ ಅಂಶ ಈ ಅನಾಹುತಕ್ಕೆ ಕಾರಣ? ಸತ್ತ ವೈರಾಣುವೋ, ಫಿನಾಲೋ, ಅಥವಾ ಕುರಿಯ ಮೆದುಳೋ? ಉತ್ತರ ಸಿಕ್ಕಿದ್ದು ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ. 1933 ಮತ್ತು 1935ರಲ್ಲಿ ಥಾಮಸ್ ರಿವರ್ಸ್ ಮತ್ತು ಸಂಗಡಿಗರು ವೈರಾಣುವಿನ ಸೋಂಕೇ ಇಲ್ಲದ ಮೊಲದ ಮೆದುಳನ್ನು ಅರೆದು ಕೋತಿಗಳಿಗೆ ಪದೇ ಪದೇ ಚುಚ್ಚಿದರು. ತಿಂಗಳುಗಳ ನಂತರ ಕೋತಿಗಳ ಕಾಲು ತೊಡರತೊಡಗಿತು. ಅವುಗಳ ಮೆದುಳಿನಲ್ಲಿ ನರಗಳ ಮೇಲಿನ ಮೈಲಿನ್ ಎಂಬ ಕೊಬ್ಬಿನ ಹೊದಿಕೆ ಕಿತ್ತುಹೋಗಿತ್ತು. ವೈರಾಣು ಇಲ್ಲದೆಯೂ ರೋಗ ಬಂತು ಎಂದಮೇಲೆ ತಪ್ಪು ಮೆದುಳಿನದ್ದೇ. ಬೇರೆ ಪ್ರಾಣಿಯ ಮೈಲಿನ್ ದೇಹಕ್ಕೆ ಸೇರಿದಾಗ ರಕ್ಷಣಾ ಪಡೆ ಅದನ್ನು ಶತ್ರುವೆಂದು ಗುರುತಿಸಿ, ಆ ಗುರುತನ್ನೇ ಹಿಡಿದು ಸ್ವಂತ ಮೈಲಿನ್ನಿನ ಮೇಲೂ ಎರಗುತ್ತದೆ. ದೇಹ ತನ್ನನ್ನು ತಾನೇ ಸುಟ್ಟುಕೊಳ್ಳಲಾರದು ಎಂದು ಪೋಲ್ ಏರ್ಲಿಕ್ 1901ರಲ್ಲಿ ಇಟ್ಟ ನಂಬಿಕೆ ಇನ್ನೂ ಗಟ್ಟಿಯಾಗಿದ್ದ ಕಾಲವದು. ಹಾಗಾಗಿ ಕೋತಿಗಳ ಈ ಪ್ರಯೋಗ ಒಂದು ಲಸಿಕೆಯ ದೋಷ ಹುಡುಕುವುದಕ್ಕಿಂತ ದೂರ ಹೋಯಿತು. ಮೈಲಿನ್ ಕಳಚುವ ಇನ್ನೊಂದು ರೋಗವಾದ ಮಲ್ಟಿಪಲ್ ಸ್ಕ್ಲೆರೋಸಿಸ್‌ನ ಸಂಶೋಧನೆ ಇಂದಿಗೂ ಇದೇ ಮಾದರಿಯನ್ನು ನೆಚ್ಚಿದೆ. 1955ರಲ್ಲಿ ವಾಕ್ಸ್‌ಮನ್ ಮತ್ತು ಆ್ಯಡಮ್ಸ್ ಹೊರನರಗಳ ಅಂಶ ಚುಚ್ಚಿ ಮೊಲಗಳಲ್ಲಿ ಗಿಲಾನ್–ಬಾರೆಯನ್ನು ಹೋಲುವ ರೋಗ ತರಿಸಿದರು. ಮರುವರ್ಷ ಥೈರಾಯ್ಡ್ ಗ್ರಂಥಿಯ ಅಧ್ಯಯನಗಳಿಂದ ಆಟೋಇಮ್ಯೂನ್ ರೋಗ ಎಂಬ ಕಲ್ಪನೆಗೆ ವೈದ್ಯಲೋಕದ ಮುದ್ರೆ ಬಿತ್ತು.

ಸ್ವಾಯತ್ತ ನರಗಳನ್ನೇ ಗುರಿಮಾಡುವ ಆಟೋಇಮ್ಯೂನ್ ರೋಗ ಇರಬಹುದೇ ಎಂಬ ಪ್ರಶ್ನೆ ಇದರ ಬೆನ್ನಿಗೇ ಎದ್ದಿತು. ಈ ನರಗಳಿಗೆ ‘ಅಟಾನಮಿಕ್’ ಎಂದು ಕೇಂಬ್ರಿಜ್‌ನ ಜಾನ್ ಲ್ಯಾಂಗ್ಲಿ 1898ರಲ್ಲೇ ಹೆಸರಿಟ್ಟಿದ್ದ. ಬೆನ್ನುಹುರಿಯಿಂದ ಹೊರಟ ಸ್ವಾಯತ್ತ ನರ ದಾರಿಯಲ್ಲಿ ಒಂದು ನರಗಂಟಿನಲ್ಲಿ ನಿಂತು, ಅಲ್ಲಿ ಅಸಿಟೈಲ್‌ಕೊಲಿನ್ ಎಂಬ ರಸದ ಮೂಲಕ ಸಂದೇಶವನ್ನು ಇನ್ನೊಂದು ನರಕ್ಕೆ ದಾಟಿಸುತ್ತದೆ. ಗಂಟಿನವರೆಗಿನ ಎಳೆಗೆ ತೆಳ್ಳನೆಯ ಮೈಲಿನ್ ಇದೆ, ಆಚೆಯ ಎಳೆಗೆ ಇಲ್ಲ. ಮೈಲಿನ್ ಕೀಳುವ ರೋಗ ಮೊದಲ ಎಳೆಯನ್ನು ಕೆಡಿಸಬಹುದು. ಗಂಟಿಗೇ ಪೆಟ್ಟು ಕೊಡಲು ಬೇರೆ ಗುರಿ ಬೇಕು. 1965ರಲ್ಲಿ ಆಪೆನ್‌ಜೆಲ್ಲರ್, ಆರ್ನಸನ್ ಮತ್ತು ಆ್ಯಡಮ್ಸ್ ಮೊಲಗಳಿಗೆ ಸ್ವಾಯತ್ತ ನರಗಳ ಸಿಂಪಥೆಟಿಕ್ ವಿಭಾಗದ ಗಂಟುಗಳ ಅಂಶವನ್ನು ಚುಚ್ಚಿದಾಗ, ಶಾಖಕ್ಕೆ ತಕ್ಕಂತೆ ರಕ್ತನಾಳಗಳು ಹಿಗ್ಗಿ ಕುಗ್ಗುವ ಪ್ರತಿಕ್ರಿಯೆ ಕೆಟ್ಟಿತು. ರಿವರ್ಸ್ ಮೆದುಳಿನಲ್ಲಿ ಮಾಡಿದ್ದನ್ನು ಇವರು ಗಂಟಿನಲ್ಲಿ ಮಾಡಿದ್ದರು. ಅದೇ ವರ್ಷ ಬೆನೆಟ್ ಮತ್ತು ಸ್ಕಾಟ್ ರುಮಟಾಯ್ಡ್ ಸಂಧಿವಾತದ ರೋಗಿಗಳಲ್ಲಿ ಸ್ವಾಯತ್ತ ನರದೋಷವನ್ನು ವರದಿ ಮಾಡಿದರು. ಕೀಲು ಬಾತ ರೋಗಿಯ ಎದೆಬಡಿತ, ಬೆವರುಗಳನ್ನು ಅಳೆದು ನೋಡಬೇಕು ಎಂಬ ಯೋಚನೆಯೇ ಆಗ ಹೊಸದು. ಬಾಯಿ, ಕಣ್ಣು ಒಣಗಿಸುವ ಶೋಗ್ರನ್ ಸಿಂಡ್ರೋಮ್, ಲೂಪಸ್, ಹಲವು ಸಲ ಮಕ್ಕಳಲ್ಲೇ ಆರಂಭವಾಗುವ ಮೊದಲನೇ ಬಗೆಯ ಮಧುಮೇಹ ಇವೆಲ್ಲದರಲ್ಲೂ ಕ್ರಮೇಣ ಇದು ಕಂಡಿತು, ಪ್ರಮಾಣ ಮಾತ್ರ ಬೇರೆ ಬೇರೆ. 2000ದಲ್ಲಿ ಸ್ಟೀವನ್ ವೆರ್ನಿನೊ, ವ್ಯಾಂಡಾ ಲೆನನ್ ಮತ್ತಿತರರು ನರಗಂಟಿನ ಅಸಿಟೈಲ್‌ಕೊಲಿನ್ ಗ್ರಾಹಕದ ಮೇಲೆಯೇ ಎರಗುವ ಪ್ರತಿಕಾಯವನ್ನು ರೋಗಿಗಳ ರಕ್ತದಲ್ಲಿ ಗುರುತಿಸಿದರು. ಆ ಪ್ರತಿಕಾಯ ಇದ್ದವರ ಪಾಡು ಹೆಚ್ಚುಕಡಿಮೆ ಒಂದೇ: ಎದ್ದು ನಿಂತರೆ ಕಣ್ಣಿಗೆ ಕತ್ತಲೆ, ಬಾಯಿ ಒಣ, ಬೆವರಿಲ್ಲ, ಕರುಳು ಕಟ್ಟು, ಬೆಳಕಿಗೆ ಕುಗ್ಗದ ಕಣ್ಣುಗುಡ್ಡೆಯ ಕಿಂಡಿ.

ಕರ್ನಾಟಕದಲ್ಲಿ ಕುರಿಮೆದುಳಿನ ಲಸಿಕೆಯ ಬಲಿಪಶುಗಳ ವೈದ್ಯಕೀಯ ಚರಿತ್ರೆ ಬರೆದದ್ದು ಬೆಂಗಳೂರಿನ ನಿಮ್ಹಾನ್ಸ್. ಮೈಸೂರು ಸಂಸ್ಥಾನದ ಮಾನಸಿಕ ಆಸ್ಪತ್ರೆ ಮತ್ತು 1954ರಲ್ಲಿ ಹುಟ್ಟಿದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ 1974ರಲ್ಲಿ ಒಂದಾಗಿ ರೂಪುಗೊಂಡ ಈ ಸಂಸ್ಥೆಗೆ ರಾಜ್ಯದ ಮೂಲೆಮೂಲೆಯ ನರರೋಗಿಗಳು ಬರುತ್ತಿದ್ದರು. ಅಷ್ಟರಲ್ಲಿ ಫಿನಾಲ್ ಬದಲು ಬೀಟಾ ಪ್ರೊಪಿಯೊಲ್ಯಾಕ್ಟೋನ್ ಎಂಬ ರಾಸಾಯನಿಕದಿಂದ ವೈರಾಣುವನ್ನು ಕೊಲ್ಲುವುದು ರೂಢಿಗೆ ಬಂದಿತ್ತು. ಇದರಿಂದ ಲಸಿಕೆಯ ಗುಣ ಹೆಚ್ಚಿತು, ಕುರಿಯ ಮೆದುಳು ಮಾತ್ರ ಹಾಗೆಯೇ ಉಳಿಯಿತು. 1984ರಲ್ಲಿ ಎಚ್. ಎಸ್. ಸ್ವಾಮಿ, ಎಸ್. ಕೆ. ಶಂಕರ್ ಮತ್ತು ಸಹೋದ್ಯೋಗಿಗಳು ಈ ಸುಧಾರಿಸಿದ ಲಸಿಕೆಯ ನಂತರವೂ ಬಂದ ನರರೋಗಗಳನ್ನು ವಿವರಿಸಿ ಪ್ರಬಂಧ ಪ್ರಕಟಿಸಿದರು. ಮೂರು ವರ್ಷದ ಬಳಿಕ ಥಾಯ್ಲೆಂಡಿನ ತಿರವತ್ ಹೇಮಚುಧಾ ಇಂಥ ರೋಗಿಗಳಲ್ಲಿ ಮೈಲಿನ್ ಬೇಸಿಕ್ ಪ್ರೋಟೀನಿನ ವಿರುದ್ಧದ ಪ್ರತಿಕಾಯಗಳನ್ನು ತೋರಿಸಿದ. ಕೋತಿಗಳಲ್ಲಿ ಕಂಡದ್ದಕ್ಕೆ ಮನುಷ್ಯರಲ್ಲಿ ಪುರಾವೆ ದೊರೆಯಲು ಅರ್ಧ ಶತಮಾನ ಹಿಡಿಯಿತು.

ನಿಮ್ಹಾನ್ಸ್‌ನ ನರಶರೀರಕ್ರಿಯಾ ವಿಭಾಗದಲ್ಲಿ ಸ್ವಾಯತ್ತ ನರಗಳ ಪ್ರಯೋಗಾಲಯವೂ ಇದೆ. ಅಲ್ಲಿ ಮಾಡುವ ಮೂಲ ಪರೀಕ್ಷೆಗಳು ಎಡಿನ್‌ಬರೋದ ಡೇವಿಡ್ ಯೂಯಿಂಗ್ ಮತ್ತು ಬೇಸಿಲ್ ಕ್ಲಾರ್ಕ್ 1970ರ ದಶಕದಿಂದ ಮಧುಮೇಹಿಗಳಿಗಾಗಿ ಕ್ರಮಪಡಿಸಿದಂಥವು. ನಿಮಿಷಕ್ಕೆ ಆರು ಸಲ ಆಳವಾಗಿ ಉಸಿರಾಡಿದಾಗ, ಉಸಿರು ಒಳಗೆಳೆಯುವಾಗ ಬಡಿತ ಏರಬೇಕು, ಬಿಡುವಾಗ ಇಳಿಯಬೇಕು. ಎರಡರ ಅಂತರ ನಿಮಿಷಕ್ಕೆ 15 ಬಡಿತ ಅಥವಾ ಹೆಚ್ಚಿದ್ದರೆ ಸರಿ. 10 ಅಥವಾ ಅದಕ್ಕಿಂತ ಕಡಿಮೆಯಾದರೆ ವೇಗಸ್ ನರ ಸೊರಗಿದೆ ಎಂದು ಅರ್ಥ. ವಯಸ್ಸಾದಂತೆ ಈ ಅಂತರ ತಾನೇ ಕಿರಿದಾಗುವುದರಿಂದ ವಯಸ್ಸು ನೋಡಿಯೇ ತೀರ್ಮಾನ. ಗಡಿಯಾರದಂತೆ ಒಂದೇ ಸಮನೆ ಹೊಡೆದುಕೊಳ್ಳುವ ನಾಡಿ ಆರೋಗ್ಯದ ಲಕ್ಷಣ ಎಂದುಕೊಳ್ಳುವವರಿಗೆ ಇದು ಬೆರಗಿನ ಸಂಗತಿ. ಇನ್ನೊಂದು ಪರೀಕ್ಷೆಗೆ ಯಂತ್ರವೂ ಬೇಡ, ಬಿ.ಪಿ. ನೋಡುವ ಪಟ್ಟಿಯೊಂದು ಸಾಕು. ಮನುಷ್ಯ ಎದ್ದು ನಿಂತಾಗ ಅರ್ಧದಿಂದ ಒಂದು ಲೀಟರಿನಷ್ಟು ರಕ್ತ ಕಾಲು, ಹೊಟ್ಟೆಗಳಿಗೆ ಜಾರುತ್ತದೆ. ಸಿಂಪಥೆಟಿಕ್ ನರಗಳು ಕ್ಷಣದಲ್ಲಿ ರಕ್ತನಾಳಗಳನ್ನು ಬಿಗಿದು ತಲೆಗೆ ರಕ್ತ ಕಾಯ್ದುಕೊಳ್ಳುತ್ತವೆ. ಮಲಗಿಸಿ ಒತ್ತಡ ನೋಡಿ, ನಿಲ್ಲಿಸಿ ಮೂರು ನಿಮಿಷದೊಳಗೆ ಮತ್ತೆ ನೋಡಿದಾಗ ಮೇಲಿನ ಅಂಕಿ 20, ಇಲ್ಲವೇ ಕೆಳಗಿನದು 10 ಇಳಿದಿದ್ದರೆ ಆ ಬಿಗಿತ ಸಾಲುತ್ತಿಲ್ಲ. ‘ಎದ್ದ ಕೂಡಲೆ ಚಕ್ಕರ ಬರ್ತದ’ ಎಂದು ಯಾದಗಿರಿ ಸೀಮೆಯ ರೋಗಿ ಹೇಳುವುದನ್ನು ನಿಶ್ಶಕ್ತಿ ಎಂದು ಟಾನಿಕ್ ಬರೆದು ಕಳಿಸುವ ಮುಂಚೆ ಈ ಮೂರು ನಿಮಿಷ ಖರ್ಚು ಮಾಡುವುದು ಲೇಸು. ಬಿಸಿಲಿಗೆ ನೀರು ಬತ್ತಿದವರಲ್ಲೂ ರಕ್ತ ಕಡಿಮೆಯಿದ್ದವರಲ್ಲೂ ಒತ್ತಡ ಹೀಗೆ ಇಳಿಯಬಹುದು. ಆದರೆ ಅಂಥವರಲ್ಲಿ ನಾಡಿ ಜೋರಾಗಿ ಓಡಿ ಕೊರತೆ ತುಂಬಲು ನೋಡುತ್ತದೆ. ನರವೇ ಕೆಟ್ಟಿದ್ದರೆ ಒತ್ತಡ ಬಿದ್ದರೂ ನಾಡಿ ಅಷ್ಟಾಗಿ ಏರುವುದಿಲ್ಲ.

ಕುರಿಯ ಮೆದುಳಿಗೆ ಪರ್ಯಾಯ ಹುಡುಕುವ ಕೆಲಸ ಬಹುಕಾಲದಿಂದ ನಡೆದಿತ್ತು. ಆಗತಾನೆ ಹುಟ್ಟಿದ ಇಲಿಮರಿಯ ಮೆದುಳಿನಲ್ಲಿ ಮೈಲಿನ್ ಇನ್ನೂ ಕೂಡಿರುವುದಿಲ್ಲ ಎಂಬ ಆಧಾರದ ಮೇಲೆ 1955ರಲ್ಲಿ ಚಿಲಿ ದೇಶದಲ್ಲಿ ಇನ್ನೊಂದು ಲಸಿಕೆ ಬಂತು; ಅದರಿಂದಲೂ ಗಿಲಾನ್–ಬಾರೆ ಪೂರ್ತಿ ತಪ್ಪಲಿಲ್ಲ. ಮೆದುಳನ್ನೇ ಬಿಟ್ಟು ಗಾಜಿನ ಪಾತ್ರೆಯಲ್ಲಿ ಬೆಳೆಸಿದ ಜೀವಕೋಶಗಳಲ್ಲಿ ವೈರಾಣು ಬೆಳೆಸುವ ವಿಧಾನ ನಿಜವಾದ ಪರಿಹಾರವಾಯಿತು. ಹುಚ್ಚುತೋಳ, ನಾಯಿಗಳಿಂದ ಕಚ್ಚಿಸಿಕೊಂಡ ಇರಾನಿನ 45 ಜನರಿಗೆ ಈ ಹೊಸ ಲಸಿಕೆ ಕೊಟ್ಟಾಗ ಒಬ್ಬರಿಗೂ ರೇಬೀಸ್ ಬರಲಿಲ್ಲ ಎಂದು 1976ರಲ್ಲಿ ಪ್ರಕಟವಾಯಿತು. ಆದರೂ ಭಾರತದ ಸರ್ಕಾರಿ ಆಸ್ಪತ್ರೆಗಳಲ್ಲಿ ಕುರಿಮೆದುಳಿನ ಲಸಿಕೆ ಮತ್ತೂ ಸುಮಾರು ಮೂರು ದಶಕ ಉಳಿಯಿತು. ಹೊಸ ಲಸಿಕೆ ಹಣ ಕೊಟ್ಟವರಿಗೆ, ಹಳೆಯದು ಪುಕ್ಕಟೆ. ಬೆಂಗಳೂರಿನ ಕೆಂಪೇಗೌಡ ವೈದ್ಯಕೀಯ ಸಂಸ್ಥೆಯ ಎಂ. ಕೆ. ಸುದರ್ಶನ್ ಮುಂತಾದವರು 1998ರಲ್ಲಿ ರೇಬೀಸ್ ತಡೆಗಟ್ಟುವ ರಾಷ್ಟ್ರೀಯ ಸಂಘಟನೆ ಕಟ್ಟಿದರು. ದೇಶದಲ್ಲಿ ಆಗ ವರ್ಷಕ್ಕೆ ಸುಮಾರು 20,000 ಜನ ರೇಬೀಸಿನಿಂದ ಸಾಯುತ್ತಿದ್ದರು ಎಂಬ ಅಂದಾಜು ಬಂದದ್ದು ಈ ಸಂಘಟನೆ ವಿಶ್ವ ಆರೋಗ್ಯ ಸಂಸ್ಥೆಯ ಜೊತೆ 2003ರಲ್ಲಿ ನಡೆಸಿದ ಸಮೀಕ್ಷೆಯಿಂದ. 2004ರ ಡಿಸೆಂಬರಿನಲ್ಲಿ ಕುರಿಮೆದುಳಿನ ಲಸಿಕೆಯ ತಯಾರಿಕೆ ದೇಶದಲ್ಲಿ ಕೊನೆಗೊಂಡಿತು.

ಹೊಸ ಲಸಿಕೆಯ ಬೆಲೆಯನ್ನು ಸರ್ಕಾರಿ ಆಸ್ಪತ್ರೆ ತಾಳಿಕೊಳ್ಳುವಂತೆ ಮಾಡಿದ್ದು ಚರ್ಮದ ಪದರದೊಳಗೆ ಚುಚ್ಚುವ ವಿಧಾನ. 2006ರಲ್ಲಿ ಭಾರತ ಇದಕ್ಕೆ ಒಪ್ಪಿಗೆ ಕೊಟ್ಟಿತು. ಸ್ನಾಯುವಿಗೆ ಬೇಕಾದ ಪ್ರಮಾಣದ ಸಣ್ಣ ಪಾಲು ಚರ್ಮದಲ್ಲೇ ಅಷ್ಟೇ ಕೆಲಸ ಮಾಡುತ್ತದೆ. ಕಚ್ಚಿದ ದಿನ, ಆಮೇಲೆ 3, 7 ಮತ್ತು 28ನೇ ದಿನ ಎರಡೂ ತೋಳುಗಳಿಗೆ ತಲಾ 0.1 ಮಿಲಿಲೀಟರ್. ನಾಲ್ಕು ಭೇಟಿಗೆ ಒಟ್ಟು 0.8 ಮಿಲಿಲೀಟರ್, ಅದರಲ್ಲಿ ಮೆದುಳಿನ ಅಂಶ ಇಲ್ಲ. ಇದರಿಂದ ಗಿಲಾನ್–ಬಾರೆ ಬಂದದ್ದು ಅತಿ ವಿರಳ. ಆಳವಾದ ಗಾಯಕ್ಕೆ ಇದರ ಜೊತೆಗೆ ಗಾಯದ ಸುತ್ತ ಸಿದ್ಧ ಪ್ರತಿಕಾಯದ ಮದ್ದನ್ನೂ ಹಾಕುತ್ತಾರೆ. ಹೊಟ್ಟೆಗೆ ಸೂಜಿ ಮಾಡುವ ಪದ್ಧತಿ ಹೋಗಿ ಎರಡು ದಶಕ ಕಳೆದಿದ್ದರೂ, ನಾಯಿ ಕಚ್ಚಿಸಿಕೊಂಡ ಮಗುವನ್ನು ಕರೆತಂದವರು ‘ಹದಿನಾಲ್ಕು ಹಾಕ್ತೀರೇನ್ರಿ’ ಎಂದು ಕೇಳುವುದು ಇನ್ನೂ ನಿಂತಿಲ್ಲ.